ಜೀಪಿನ ಆಕ್ಸಲ್ ಬದಲಿಸುವಾಗ ಸಸ್ಪೆನ್ಷನ್ ಬ್ರಾಕೆಟ್‌ಗಳನ್ನು (ಸ್ಪ್ರಿಂಗ್ ಮುಂತಾದವನ್ನು ಆಕ್ಸಲ್‌ಗೆ ಕೂರಿಸುವ ಹಿಡಿಗಳು) ಒಂದೇ ಸಲಕ್ಕೆ ಪೂರ್ತಿ ವೆಲ್ಡ್ ಮಾಡಬಾರದು, ಯಾಕೆ?

ಎರಡು ಕಾರಣ: ಆಕ್ಸಲ್‌ನ ಕೊಳವೆ ಬಾಗುತ್ತದೆ, ಮತ್ತು ಬ್ರಾಕೆಟ್‌ನ ಸರಿಯಾದ ಕೋನ ಆ ಹೊತ್ತಿಗೆ ಗೊತ್ತಿರುವುದಿಲ್ಲ.

ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಒಂದೇ ಬದಿಯಲ್ಲಿ ಉದ್ದಕ್ಕೆ ವೆಲ್ಡ್ ಎಳೆದರೆ ಆಕ್ಸಲ್ ಕೊಳವೆ ಆ ಬದಿಗೇ ಬಾಗುತ್ತದೆ. ಬಾಗಿದ್ದು ಕಣ್ಣಿಗೆ ಕಾಣದು. ಒಳಗಿನ ಶಾಫ್ಟ್ ಓರೆಯಾಗಿ ತಿರುಗಿ ಬೇರಿಂಗ್ ಸವೆಯುತ್ತದೆ, ಸೀಲ್‌ನಿಂದ ಎಣ್ಣೆ ಜಿನುಗುತ್ತದೆ.

ಹಾಗಾಗಿ ಮೊದಲು ಟ್ಯಾಕ್ ಮಾತ್ರ, ಬ್ರಾಕೆಟ್‌ಗೆ ಮೂರು ನಾಲ್ಕು ಚುಕ್ಕೆ. ಗಾಡಿಯ ಪೂರ್ತಿ ಭಾರ ಚಕ್ರಗಳ ಮೇಲೆ ಕೂತಾಗಷ್ಟೇ ಪಿನಿಯನ್ ಕೋನ, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಸೇರುವ ಮೂತಿಯ ಓರೆ, ಅಳೆಯಿರಿ. ಎರಡು ತುದಿಗೂ ಒಂದೊಂದೇ ಯುನಿವರ್ಸಲ್ ಜಾಯಿಂಟ್ (ಓರೆಯಲ್ಲೂ ತಿರುಗುವ ಕೀಲು) ಇರುವ ಪ್ರೊಪೆಲ್ಲರ್ ಶಾಫ್ಟ್ ಆದರೆ ಪಿನಿಯನ್ ಮತ್ತು ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಹೊರಶಾಫ್ಟ್ ಸಮಾನಾಂತರ ಇರಬೇಕು. ಇಲ್ಲದಿದ್ದರೆ ವೇಗ ಏರಿದಂತೆ ನಡುಕ ಬರುತ್ತದೆ. ಹಿಂದೆ ಪಟ್ಟಿ ಸ್ಪ್ರಿಂಗ್ ಇದ್ದರೆ ಪಿನಿಯನ್ 1–2 ಡಿಗ್ರಿ ತಗ್ಗಿರಲಿ; ಎಳೆತ ಬಿದ್ದಾಗ ಅದು ತಾನೇ ಮೇಲೇಳುತ್ತದೆ. ಚಕ್ರವನ್ನು ಪೂರ್ತಿ ಮೇಲೆ ಕೆಳಗೆ ಆಡಿಸಿ, ಏನೂ ತಾಗುತ್ತಿಲ್ಲ ಎಂದು ನೋಡಿಕೊಳ್ಳಿ.

ಆಮೇಲೆ ಶಾಫ್ಟ್, ಸೀಲ್ ಹೊರತೆಗೆದು, ಸುಮಾರು 25 ಮಿ.ಮೀ. ತುಂಡುಗಳಲ್ಲಿ, ಎದುರುಬದುರು ಬದಿ ಬದಲಿಸುತ್ತಾ ವೆಲ್ಡ್ ಮಾಡಿ. ಕೈ ಇಡುವಷ್ಟು ಆರಲು ಬಿಡಿ, ನೀರು ಸುರಿಯಬೇಡಿ. ಅರ್ತ್ ಕ್ಲಾಂಪ್ ಕೊಳವೆಗೇ, ವೆಲ್ಡ್ ಪಕ್ಕದಲ್ಲೇ ಕಚ್ಚಿಸಿ. ದೂರ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದರ ಗುಂಡುಗಳ ಮೇಲೆ ಚುಕ್ಕೆ ಬೀಳುತ್ತದೆ. ಆಕ್ಸಲ್ ನಡುವಿನ ಉಬ್ಬಿದ ಗೇರ್ ಪೆಟ್ಟಿಗೆ ಎರಕದ ಕಬ್ಬಿಣವಾಗಿದ್ದರೆ ಅದಕ್ಕೆ ಸಾಮಾನ್ಯ ರಾಡ್ ಹಚ್ಚಲೇಬೇಡಿ, ಬಿರುಕು ಬಿಡುತ್ತದೆ.