ಹಟಮಾರಿ ಸ್ಪೀಕರ್‌ಗೆ ಹಳೇ ಪವರ್ ಆಂಪ್: ಯಾವುದು ತಗೊಳ್ಳಲಿ?

ಪ್ರಶ್ನೆ: ಅಮೆರಿಕದಿಂದ ವಾಪಸ್ ಬರುವಾಗ ಮ್ಯಾಗ್ನೆಪ್ಯಾನ್ 1.6 (ತೆಳ್ಳಗಿನ ಹಲಗೆಯಂಥ) ಸ್ಪೀಕರ್ ತಂದೆ. ಸದ್ಯಕ್ಕೆ ಎವಿ ರಿಸೀವರ್‌ಗೆ ಹಾಕಿದ್ದೇನೆ. ಚಾನೆಲ್‌ಗೆ 100 ವ್ಯಾಟ್ ಅಂತ ಬರೆದಿದೆ, ಆದರೆ ವಾಲ್ಯೂಮ್ ಏರಿಸಿದರೆ ಆಫ್ ಆಗಿಬಿಡುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಪವರ್ ಆಂಪ್ (ಸ್ಪೀಕರ್ ಓಡಿಸೋ ಶಕ್ತಿ ಮಾತ್ರ ಕೊಡುವ ಆಂಪ್ಲಿಫೈಯರ್) ಸಿಗುತ್ತಿವೆ: ಕ್ವಾಡ್ 405-2 ಮತ್ತು 120 ವೋಲ್ಟ್‌ನ ಆಡ್ಕಾಂ ಜಿಎಫ್‌ಎ-555. ಯಾವುದು ಒಳ್ಳೇದು?
— ಓದುಗರು, ಬೆಂಗಳೂರು

ಉತ್ತರ: ಆಡ್ಕಾಂ. ಆದರೆ ನೋಡೋಕೆ ಹೋಗುವಾಗ ಮಲ್ಟಿಮೀಟರ್ ಜೊತೆಗಿರಲಿ.

ರಿಸೀವರ್ ಮೇಲಿನ ಆ 100 ವ್ಯಾಟ್ ಸಾಮಾನ್ಯವಾಗಿ ಒಂದೆರಡು ಚಾನೆಲ್ ಮಾತ್ರ ಓಡಿಸಿ, 6 ಅಥವಾ 8 ಓಮ್‌ಗೆ ಅಳೆದದ್ದು. ನಿಮ್ಮ ಸ್ಪೀಕರ್ 4 ಓಮ್. ಓಮ್ ಅಂದರೆ ಸ್ಪೀಕರ್ ಒಡ್ಡುವ ತಡೆ, ಅದು ಕಮ್ಮಿಯಾದಷ್ಟೂ ಆಂಪ್ ಜಾಸ್ತಿ ಕರೆಂಟ್ ಕೊಡಬೇಕು. ಅದರ ಸೆನ್ಸಿಟಿವಿಟಿ (ಇಷ್ಟು ಕೊಟ್ಟರೆ ಎಷ್ಟು ಜೋರು ಅನ್ನೋ ಲೆಕ್ಕ) 2.83 ವೋಲ್ಟ್‌ಗೆ 86 ಡೆಸಿಬಲ್ ಅಂತಾರೆ, ಕೇಳೋಕೆ ಪರವಾಗಿಲ್ಲ ಅನ್ನಿಸುತ್ತೆ ಅಲ್ವಾ? ಆದರೆ 4 ಓಮ್‌ನಲ್ಲಿ 2.83 ವೋಲ್ಟ್ ಅಂದರೆ 2 ವ್ಯಾಟ್. ಹಾಗಾಗಿ ನಿಜವಾದ ಲೆಕ್ಕ 1 ವ್ಯಾಟ್‌ಗೆ 83 ಅಷ್ಟೆ. ಇನ್ನು 10 ಡೆಸಿಬಲ್ ಜಾಸ್ತಿ ಬೇಕೆಂದರೆ ವ್ಯಾಟ್ ಹತ್ತು ಪಟ್ಟಾಗಬೇಕು, ಅಂದರೆ 93ಕ್ಕೆ 10 ವ್ಯಾಟ್, 103ಕ್ಕೆ 100 ವ್ಯಾಟ್. ಮಾತು, ಹಾಡು ಐದಾರು ವ್ಯಾಟ್‌ನಲ್ಲೇ ಮುಗಿಯುತ್ತವೆ, ತನಿ ಆವರ್ತನದಲ್ಲಿ ಮೃದಂಗದ ಒಂದು ಜೋರು ಪೆಟ್ಟು ಬಂತೋ, ಆ ಕ್ಷಣಕ್ಕೆ ನೂರು ಬೇಕು. ಒಂದು ಸಮಾಧಾನ ಏನೆಂದರೆ ಮ್ಯಾಗ್ನೆಪ್ಯಾನ್ ಹೆಚ್ಚುಕಮ್ಮಿ 4 ಓಮ್ ಆಸುಪಾಸಿನಲ್ಲೇ ಇರುತ್ತದೆ. ಕೆಲವು ಸ್ಪೀಕರ್‌ಗಳು ಬಾಸ್‌ನಲ್ಲಿ 2 ಓಮ್‌ಗಿಂತಲೂ ಕೆಳಗೆ ಇಳಿದು ಆಂಪ್‌ನ ಜೀವ ಹಿಂಡುತ್ತವೆ. ಇದು ಹಾಗಲ್ಲ, ಇದಕ್ಕೆ ಬೇಕಿರೋದು ಧಾರಾಳ ಕರೆಂಟ್.

ಕ್ವಾಡ್ ಕೆಟ್ಟದ್ದಲ್ಲ, 8 ಓಮ್‌ಗೆ 100 ವ್ಯಾಟ್ ನೀಟಾಗಿ ಕೊಡುತ್ತದೆ. ಆದರೆ ಓಮ್ ಇಳಿದಂತೆ ಅದರ ಕರೆಂಟ್ ಲಿಮಿಟರ್ (ಕರೆಂಟ್ ಮಿತಿ ಮೀರದಂತೆ ತಡೆಯೋ ಸರ್ಕ್ಯೂಟ್) ಅಡ್ಡ ಬರುತ್ತದೆ. ಜೊತೆಗೆ 0.5 ವೋಲ್ಟ್ ಇನ್‌ಪುಟ್‌ಗೇ ಪೂರ್ತಿ ಕೂಗುತ್ತದೆ, ಈಗಿನ 2 ವೋಲ್ಟ್‌ನ ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡೋ ಪೆಟ್ಟಿಗೆ) ಕೊಟ್ಟರೆ ವಾಲ್ಯೂಮ್ ಸ್ವಲ್ಪ ತಿರುಗಿಸುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಆಡ್ಕಾಂ 555 ಹೆಸರಾಂತ ಆಂಪ್ ವಿನ್ಯಾಸಕ ನೆಲ್ಸನ್ ಪಾಸ್ ಅವರ ಡಿಸೈನ್. 8 ಓಮ್‌ಗೆ 200, 4 ಓಮ್‌ಗೆ 325 ವ್ಯಾಟ್. ನೋಡೋಕೆ ಕಬ್ಬಿಣದ ಡಬ್ಬ, ಕೆಲಸ ಗಟ್ಟಿ.

ಪರೀಕ್ಷೆ ಹೀಗೆ ಮಾಡಿ. ಆಡ್ಕಾಂ 120 ವೋಲ್ಟ್‌ನದ್ದು, ಹಾಗಾಗಿ ಪ್ರತಿ ಹಂತದಲ್ಲೂ ನಮ್ಮ 230 ವೋಲ್ಟನ್ನು ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ನಡುವೆ ಇರಲೇಬೇಕು. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದರೆ ನೇರ ಪ್ಲಗ್‌ಗೆ ಹಾಕಬೇಡಿ. ರಿಪೇರಿಯವರ ಹತ್ತಿರ ಸೀರೀಸ್ ಬೋರ್ಡ್ ಇರುತ್ತಲ್ಲ, 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಹಾಕಿರೋದು, ಅದರ ಮೂಲಕ ಆನ್ ಮಾಡಿಸಿ. ಬಲ್ಬ್ ಫಳಕ್ಕೆಂದು ಹೊತ್ತಿ ಮಂಕಾದರೆ ಸರಿ. ಹಾಗೇ ಉರಿಯುತ್ತಿದ್ದರೆ ಒಳಗೆಲ್ಲೋ ಶಾರ್ಟ್. ಆಮೇಲೆ ಬಲ್ಬ್ ಬೋರ್ಡ್ ಮಾತ್ರ ತೆಗೆದು, ಸ್ಪೀಕರ್ ಇಲ್ಲದೆ, ಔಟ್‌ಪುಟ್ ಟರ್ಮಿನಲ್‌ನಲ್ಲಿ ಡಿಸಿ ವೋಲ್ಟೇಜ್ ನೋಡಿ: 20–30 ಮಿಲಿವೋಲ್ಟ್ ಚೆನ್ನಾಗಿದೆ, 50ರವರೆಗೆ ಓಕೆ, 100 ದಾಟಿದರೆ ರಿಪೇರಿ ಖರ್ಚು ಕಳೆದು ರೇಟ್ ಮಾತಾಡಿ ಅಥವಾ ಎದ್ದು ಬನ್ನಿ. ಡಿಸಿ ಹೋದರೆ ಸುಡೋದು ಸ್ಪೀಕರ್‌ನ ತಂತಿ. ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ, ಎರಡೂ ಕಡೆಯ ಹೀಟ್‌ಸಿಂಕ್ ಮುಟ್ಟಿ ನೋಡಿ, ಒಂದು ಕಡೆ ಜಾಸ್ತಿ ಬಿಸಿ ಇದ್ದರೆ ಬಯಾಸ್ (ಟ್ರಾನ್ಸಿಸ್ಟರ್‌ಗಳಲ್ಲಿ ಹಾಡಿಲ್ಲದಾಗಲೂ ಹರಿಯೋ ಕರೆಂಟ್‌ನ ಹೊಂದಾಣಿಕೆ) ತಪ್ಪಿರಬಹುದು. ಮುಚ್ಚಳ ತೆಗೆಯೋಕೆ ಬಿಡದ ಮಾರಾಟಗಾರರ ಹತ್ತಿರ ನಾನಂತೂ ತಗೊಳ್ಳಲ್ಲ. ಒಳಗೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಒಂದೆರಡು ಮಾತ್ರ ಬೇರೆ ಕಂಪನಿಯವಾದರೆ ಹಿಂದೆ ಸುಟ್ಟಿತ್ತು ಅಂತ ಅರ್ಥ, ಡೂಪ್ಲಿಕೇಟ್ ಟ್ರಾನ್ಸಿಸ್ಟರ್‌ಗಳಿಗೆ ಮಾರುಕಟ್ಟೆಯಲ್ಲಿ ಬರವಿಲ್ಲ.

120 ವೋಲ್ಟ್‌ಗೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, 1.5 ಕೆವಿಎಗಿಂತ ಚಿಕ್ಕದು ಬೇಡ. ಅದು ವೋಲ್ಟೇಜ್ ಇಳಿಸುತ್ತದೆ, ಫ್ರೀಕ್ವೆನ್ಸಿ ಬದಲಿಸಲ್ಲ. ಆಂಪ್ ಹಿಂದೆ ಬರೀ 60 ಹರ್ಟ್ಸ್ ಅಂತಿದ್ದರೆ ನಮ್ಮ 50 ಹರ್ಟ್ಸ್‌ನಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರ್ ಜಾಸ್ತಿ ಕಾಯಬಹುದು, ಗುಂಯ್ ಅನ್ನಬಹುದು. ಅರ್ಧ ಗಂಟೆಯಲ್ಲಿ ಇದನ್ನೂ ಗಮನಿಸಿ.

ಹಾಂ, ರಿಸೀವರ್ ಹಿಂದೆ ಪ್ರೀ-ಔಟ್ (ಬೇರೆ ಪವರ್ ಆಂಪ್‌ಗೆ ಸಿಗ್ನಲ್ ಕೊಡೋ ಸಾಕೆಟ್) ಇದೆಯಾ? ಇಲ್ಲದಿದ್ದರೆ ವಾಲ್ಯೂಮ್ ನೋಡಿಕೊಳ್ಳೋ ಪ್ರೀಆಂಪ್ ಖರ್ಚೂ ಸೇರಿಸಿಕೊಳ್ಳಿ.

ಪ್ರಶ್ನೆ: ನನ್ನ ಸ್ಪೀಕರ್ ಮೇಲೆ 100 ವ್ಯಾಟ್ ಅಂತಿದೆ. 200 ವ್ಯಾಟ್ ಆಂಪ್ ಹಾಕಿದರೆ ಸುಟ್ಟು ಹೋಗುತ್ತಾ?
— ಓದುಗರು, ಶಿವಮೊಗ್ಗ

ಉತ್ತರ: ವಾಲ್ಯೂಮ್ ನಿಮ್ಮ ಕೈಯಲ್ಲಿದ್ದರೆ ಇಲ್ಲ. ಚಿಕ್ಕ ಆಂಪನ್ನು ಕಿರುಚಿಸಿ ಕ್ಲಿಪ್ ಆಗೋವರೆಗೆ (ಶಕ್ತಿ ಸಾಲದೆ ಶಬ್ದದ ಅಲೆಯ ತುದಿ ಕತ್ತರಿಸಿಹೋಗೋವರೆಗೆ) ಓಡಿಸಿದಾಗ ಟ್ವೀಟರ್, ಅಂದರೆ ಸ್ಪೀಕರ್‌ನಲ್ಲಿ ಕೀಚು ಸ್ವರ ನುಡಿಸೋ ಭಾಗ, ಹೋಗೋದು ಜಾಸ್ತಿ. ಶಬ್ದ ಒರಟಾಯಿತು ಅನ್ನಿಸಿದ ತಕ್ಷಣ ಇಳಿಸಿ, ಮದುವೆ ಮನೆ ಹುಡುಗರ ಕೈಗೆ ರಿಮೋಟ್ ಕೊಡಬೇಡಿ.