60 ಸಿಬ್ಬಂದಿಯ ಸಂಸ್ಥೆಗೆ ಸ್ವಂತ ಇಮೇಲ್ ಸರ್ವರ್: ಯಾವ ಸಾಫ್ಟ್‌ವೇರ್ ಹಾಕಬೇಕು?

ದಿನವೂ ಗಮನ ಕೊಡುವ ಒಬ್ಬ ಅಡ್ಮಿನ್ ಇದ್ದರೆ ಮೇಲ್‌ಕೌ ಎಂಬ ಮೇಲ್ ಸರ್ವರ್ ಪ್ಯಾಕೇಜ್ ಹಾಕಿ; ಯಾರೂ ಇಲ್ಲದಿದ್ದರೆ ಸ್ವಂತ ಸರ್ವರ್ ಬೇಡವೇ ಬೇಡ. ಮೇಲ್‌ಕೌ ಒಳಗಿರುವುದು ಪತ್ರ ಕಳಿಸಿ ಪಡೆಯಲು ಪೋಸ್ಟ್‌ಫಿಕ್ಸ್, ಅಂಚೆಪೆಟ್ಟಿಗೆಗಳಿಗೆ ಡವ್‌ಕಾಟ್, ಸ್ಪ್ಯಾಮ್ ತಡೆಗೆ ಆರ್‌ಸ್ಪ್ಯಾಮ್‌ಡಿ, ಕ್ಯಾಲೆಂಡರ್‌ಗೆ ಸೋಗೋ. ಎಲ್ಲವೂ ಡಾಕರ್‌ನಲ್ಲಿ (ಪ್ರತಿ ಪ್ರೋಗ್ರಾಂ ಅನ್ನು ಬೇರೆ ಬೇರೆ ‘ಕಂಟೇನರ್’ನಲ್ಲಿ ಓಡಿಸುವ ವ್ಯವಸ್ಥೆ) ಓಡುವುದರಿಂದ ಅಪ್‌ಡೇಟ್ ಒಂದೇ ಸ್ಕ್ರಿಪ್ಟ್‌ನಲ್ಲಿ ಆಗುತ್ತದೆ. ಕನಿಷ್ಠ 6 ಜಿಬಿ ರ‍್ಯಾಮ್ ಬೇಕು, 60 ಜನಕ್ಕೆ 16 ಇದ್ದರೆ ಒಳ್ಳೆಯದು. ಕಡಿಮೆಯಾದರೆ ವೈರಸ್ ತಪಾಸಣೆಯ ಕ್ಲಾಮ್‌ಎವಿ ಮೆಮೊರಿ ನುಂಗಿ ಉಳಿದ ಕಂಟೇನರ್‌ಗಳು ಬೀಳುತ್ತವೆ. ಡಾಕರ್ ಒಲ್ಲದವರಿಗೆ ಐರೆಡ್‌ಮೇಲ್ ಇದೆ, ಆದರೆ ಬೇರೇನೂ ಇಲ್ಲದ ಹೊಸ ಓಎಸ್ ಮೇಲೆಯೇ ಹಾಕಬೇಕು. ಇನ್ನೊಂದು ಮೇಲ್ ಸರ್ವರ್ ಜಿಂಬ್ರಾದ ಹಳೆಯ ಉಚಿತ 8.8.15 ಆವೃತ್ತಿಗೆ ಬೆಂಬಲ 2023ರ ಕೊನೆಗೇ ನಿಂತಿತು. ಅದನ್ನು ಈಗ ಹಾಕಬೇಡಿ.

ಸಾಫ್ಟ್‌ವೇರ್‌ಗಿಂತ ಹೆಚ್ಚು ಕಾಡುವುದು ಐಪಿ ವಿಳಾಸ. ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಕೊಳ್ಳುವ ಮೊದಲೇ ಕೇಳಿ: ಬೇರೆ ಸರ್ವರ್‌ಗಳಿಗೆ ಪತ್ರ ಕಳಿಸಲು ಬೇಕಾದ ಹೊರಹೋಗುವ ಪೋರ್ಟ್ 25 ತೆರೆದಿದೆಯೇ, ಐಪಿಯಿಂದ ಸರ್ವರ್ ಹೆಸರು ತಿಳಿಸುವ ಪಿಟಿಆರ್ ದಾಖಲೆ ಹಾಕಿಕೊಳ್ಳಬಹುದೇ? ಪಿಟಿಆರ್ ಇಲ್ಲದಿದ್ದರೆ ಜಿಮೇಲ್ ನಿಮ್ಮ ಪತ್ರಗಳನ್ನು ತಿರಸ್ಕರಿಸಬಹುದು, ಇಲ್ಲವೇ ಸ್ಪ್ಯಾಮ್‌ಗೆ ತಳ್ಳಬಹುದು.

ನಿಮ್ಮ ಡೊಮೇನ್ ಹೆಸರಲ್ಲಿ ಯಾವ ಸರ್ವರ್ ಕಳಿಸಬಹುದೆಂದು ಹೇಳುವ ಎಸ್‌ಪಿಎಫ್, ಪತ್ರಕ್ಕೆ ಡಿಜಿಟಲ್ ಸಹಿ ಹಾಕುವ ಡಿಕೆಐಎಂ ಎರಡನ್ನೂ ಹಾಕಿ. ಈ ತಪಾಸಣೆಗಳಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ನೀತಿಯನ್ನು ಕೆಲವು ವಾರ ‘none’ (ಏನೂ ಮಾಡಬೇಡ) ಎಂದೇ ಇಟ್ಟು, ಪತ್ರ ಪಡೆದ ಸರ್ವರ್‌ಗಳು ಕಳಿಸುವ ವರದಿಗಳನ್ನು ಓದಿ, ಆಮೇಲೆ ‘quarantine’ಗೆ (ಸ್ಪ್ಯಾಮ್‌ಗೆ ತಳ್ಳು) ಏರಿಸಿ. ಸಂಬಳದ ಚೀಟಿ ಕಳಿಸುವ ಪೇರೋಲ್ ಸೇವೆಯನ್ನು ಎಸ್‌ಪಿಎಫ್‌ಗೆ ಸೇರಿಸಲು ಮರೆತಿದ್ದರೆ ಗೊತ್ತಾಗುವುದು ಆ ವರದಿಗಳಲ್ಲೇ.