ಕೈನೋವು ಇರುವವರಿಗೆ ಕಡಿಮೆ ಒದೆಯುವ ಚಿಕ್ಕ ಕೈಕೋವಿ ಯಾವುದು?

ಗೋವಾದ ಫೋಂಡಾದಲ್ಲಿ ಗೋಡಂಬಿಯ ಸಗಟು ವ್ಯಾಪಾರ ಮಾಡುವ ನಿಮಗೆ ಹನ್ನೊಂದು ವರ್ಷಗಳಿಂದ ರುಮಟಾಯ್ಡ್ ಸಂಧಿವಾತವಿದೆ. ತಂದೆಯವರ .32 (ಇಂಚಿನ ಲೆಕ್ಕದಲ್ಲಿ ಗುಂಡಿನ ಅಡ್ಡಳತೆ, ಸುಮಾರಾಗಿ) ರಿವಾಲ್ವರ್ ಈಗ ನಿಮ್ಮ ಹೆಸರಿನ ಲೈಸೆನ್ಸಿನಲ್ಲಿದೆ. ಅದನ್ನು ಎರಡು ಸಲ ಹಾರಿಸಿದರೆ ಮಣಿಕಟ್ಟು ಮರುದಿನವೂ ನೋಯುತ್ತದೆ. ಆದ್ದರಿಂದ ಅದನ್ನು ಮಾರಿ, ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ, ಕಡಿಮೆ ಒದೆಯುವ ಹಗುರವಾದ ಕೋವಿಯೊಂದನ್ನು ಕೊಳ್ಳಬೇಕೆಂದು ಬರೆದಿದ್ದೀರಿ. ನನಗೂ ಇದೇ ಕಾಯಿಲೆಯಿದ್ದು ಹದಿನಾಲ್ಕು ವರ್ಷಗಳಾದವು. ಪುಣೆಯ ಲಕ್ಷ್ಮಿ ರಸ್ತೆಯಲ್ಲಿ ಸರಾಫಿ ಅಂಗಡಿ ನಡೆಸುತ್ತಿದ್ದ ನಮ್ಮ ಯಜಮಾನರು ತೀರಿಕೊಂಡ ಮೇಲೆ ವಾರಸುದಾರಳಾಗಿ ಅವರ ರಿವಾಲ್ವರನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ನೀವು ಮಾಡಲು ಹೊರಟಿರುವ ತಪ್ಪನ್ನೇ ನಾನೂ ಮಾಡುವುದರಲ್ಲಿದ್ದೆ. ಹೀಗಾಗಿ ತುಸು ವಿವರವಾಗಿಯೇ ಬರೆಯುತ್ತೇನೆ.

ಹಗುರವಾದ ಕೋವಿ ಮೆದುವಾದ ಕೋವಿಯಲ್ಲ. ಗುಂಡು ಮುಂದಕ್ಕೆ ಹೋಗುವ ರಭಸಕ್ಕೆ ಸರಿಸಮನಾಗಿ ಕೋವಿ ಹಿಂದಕ್ಕೆ ಬರುತ್ತದೆ; ಆ ರಭಸವನ್ನು ನುಂಗುವುದು ಮುಖ್ಯವಾಗಿ ಕೋವಿಯ ತೂಕವೇ. ಒಂದೇ ತೋಟಾವನ್ನು 700 ಗ್ರಾಂ ತೂಕದ ರಿವಾಲ್ವರಿನಿಂದಲೂ 500 ಗ್ರಾಂ ತೂಕದ ರಿವಾಲ್ವರಿನಿಂದಲೂ ಹಾರಿಸಿದರೆ, ಹಗುರವಾದದ್ದು ಕೈಗೆ ಕೊಡುವ ಒದೆತದ ಶಕ್ತಿ ಸುಮಾರು 40 ಶೇಕಡಾ ಹೆಚ್ಚಾಗಿರುತ್ತದೆ. 2014ರಲ್ಲಿ ಕಾನ್ಪುರದ ಕಾರ್ಖಾನೆಯಿಂದ ಬಂದ ‘ನಿರ್ಭೀಕ್’ ಹೆಂಗಸರಿಗೆಂದೇ ಹೆಸರು ಮಾಡಿದ, ಸುಮಾರು 500 ಗ್ರಾಂ ತೂಕದ .32 ರಿವಾಲ್ವರ್. ವ್ಯಾಪಾರಿಯ ಗಾಜಿನ ಮೇಜಿನ ಮೇಲೆ ಅದನ್ನು ಎತ್ತಿ ಹಿಡಿದಾಗ ನನ್ನ ಕೈಗೆ ಎಷ್ಟು ಹಿತವಾಗಿತ್ತೆಂದರೆ, ಅಲ್ಲೇ ಮುಂಗಡ ಕೊಟ್ಟುಬಿಡುವವಳಿದ್ದೆ. ಎತ್ತಿ ಹಿಡಿಯುವಾಗ ಸಿಗುವ ಆ ಹಿತವೇ ಹಾರಿಸುವಾಗ ನೋವಾಗುತ್ತದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ನೀವು ಹೆಸರಿಸಿದ ‘ನಿಡರ್’ ಬಗ್ಗೆಯೂ ಇದೇ ಮಾತು. ಅದು .22 ತೋಟಾದ ರಿವಾಲ್ವರ್, ಎಂಟು ಗುಂಡುಗಳದ್ದು, ಸುಮಾರು 250 ಗ್ರಾಂ ತೂಕದ್ದು. ಜೇಬಿಗೆ ಅದಕ್ಕಿಂತ ಒಪ್ಪುವಂಥದ್ದು ನಮ್ಮಲ್ಲಿ ಬೇರೆಯಿಲ್ಲವೆಂದರೂ ನಡೆಯುತ್ತದೆ. .22ರ ಗುಂಡು ಸುಮಾರು 2.6 ಗ್ರಾಂ, .32 ರಿವಾಲ್ವರಿನ ಗುಂಡು ಸುಮಾರು 6.3 ಗ್ರಾಂ ಇರುವುದರಿಂದ .22 ಮೃದುವಾಗಿಯೇ ಇರಬೇಕೆಂದು ನಾವು ನಂಬುತ್ತೇವೆ. ಆದರೆ ಕೋವಿಯ ತೂಕವೂ ಮೂರರಲ್ಲಿ ಒಂದು ಪಾಲಿಗೆ ಇಳಿದಿರುವುದರಿಂದ ಲೆಕ್ಕ ಹಾಕಿದರೆ ಒದೆತ ಹೆಚ್ಚುಕಡಿಮೆ 700 ಗ್ರಾಂನ .32ರಷ್ಟೇ ಬರುತ್ತದೆ. ಜೊತೆಗೆ ಹಿಡಿ ಅಷ್ಟು ಚಿಕ್ಕದಾಗಿರುವುದರಿಂದ ಆ ಒದೆತವೆಲ್ಲ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಒಂದೇ ಜಾಗಕ್ಕೆ ಚುಚ್ಚಿದಂತೆ ಬೀಳುತ್ತದೆ. ಅದೇ .22 ತೋಟಾವನ್ನು ಒಂದು ಕಿಲೋಗೂ ಹೆಚ್ಚು ತೂಗುವ ಸ್ಪರ್ಧೆಯ ಪಿಸ್ತೂಲಿನಿಂದ ಹಾರಿಸಿದರೆ, ಕೈಯಲ್ಲಿ ಏನೋ ಮಿಸುಕಿತು ಎನ್ನುವಷ್ಟೇ ಅನುಭವ. ತೋಟಾ ಅದೇ, ನೋವು ಮಾತ್ರ ಬೇರೆ.

ಇಷ್ಟಾದರೂ ಒದೆತವು ನಮ್ಮಂಥವರ ಮುಖ್ಯ ಶತ್ರುವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಗುಂಡು ಹಾರುವ ಮೊದಲೇ ಕೈಯನ್ನು ಸೋಲಿಸುವುದು ಟ್ರಿಗರ್. ಕುದುರೆಯನ್ನು (ಕೋವಿಯ ಹಿಂಭಾಗದಲ್ಲಿರುವ, ಬಡಿದು ತೋಟಾ ಸಿಡಿಸುವ ಸುತ್ತಿಗೆ) ಮೊದಲೇ ಎಳೆದಿಡದೆ ನೇರವಾಗಿ ಟ್ರಿಗರ್ ಒತ್ತುವುದಾದರೆ ರಿವಾಲ್ವರಿಗೆ ಸಾಮಾನ್ಯವಾಗಿ ನಾಲ್ಕೂವರೆಯಿಂದ ಆರು ಕಿಲೋವರೆಗಿನ ಬಲ ಬೇಕು, ಅದೂ ಒಂದೇ ಬೆರಳಿನಿಂದ. ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದಿಟ್ಟರೆ ಟ್ರಿಗರ್ ಎರಡು ಕಿಲೋ ಆಸುಪಾಸಿಗೆ ಇಳಿಯುತ್ತದೆ. ಆದರೆ ಹೆಬ್ಬೆರಳಿನ ಬುಡದ ಕೀಲು ಸವೆದಿರುವವರಿಗೆ ಆ ಎಳೆತವೇ ಪ್ರಾಣಸಂಕಟ, ಅದರ ಮೇಲೆ ನಡುಗುವ ಕೈಯಲ್ಲಿ ಎಳೆದಿಟ್ಟ ಕುದುರೆ ಅಪಾಯಕಾರಿ.

ಇದನ್ನು ಅಳೆಯಲು ನಿಮಗೆ ಕೋವಿಯೇ ಬೇಕಾಗಿಲ್ಲ. ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿಯೊಂದು ನನ್ನ ಬಳಿ ಇತ್ತು. ಅದನ್ನು ಕೊಥ್ರೂಡಿನ ನಮ್ಮ ಮನೆಯ ಕಿಟಕಿಯ ಸರಳಿಗೆ ಕಟ್ಟಿ, ಕೊಕ್ಕೆಗೆ ಹಗ್ಗದ ಕುಣಿಕೆ ಹಾಕಿ, ತೋರುಬೆರಳಿನ ಮೊದಲ ಗೆಣ್ಣಿನಿಂದ ನಿಧಾನವಾಗಿ ಎಳೆದು ನೋಡಿದೆ. ಸಂಜೆ ನಾಲ್ಕಕ್ಕೆ ಐದು ಕಿಲೋವನ್ನು ಸಲೀಸಾಗಿ ಎಂಟು ಸಲ ಎಳೆದೆ. ಮರುದಿನ ಬೆಳಿಗ್ಗೆ ಏಳಕ್ಕೆ, ಬೆರಳುಗಳು ಇನ್ನೂ ಮರಗಟ್ಟಿದ್ದಾಗ, ಮೂರು ಕಿಲೋ ದಾಟುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಈ ಕಾಯಿಲೆಯಲ್ಲಿ ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನೀವೂ ಒಂದು ವಾರ, ಹೊತ್ತು ಬದಲಿಸಿ, ಎರಡೂ ಕೈಗಳಿಂದ ಈ ಪರೀಕ್ಷೆ ಮಾಡಿ ಬರೆದಿಡಿ. ಕೋವಿಯನ್ನು ಆರಿಸಬೇಕಾದದ್ದು ಆ ಪಟ್ಟಿಯ ಅತ್ಯಂತ ಕೆಟ್ಟ ದಿನಕ್ಕೆ.

ಪಿಸ್ತೂಲಿನ ಬಗ್ಗೆ ಕೇಳಿದ್ದೀರಿ. ನಮ್ಮಲ್ಲಿ ಸಾಮಾನ್ಯ ಲೈಸೆನ್ಸಿಗೆ ಸಿಗುವ ‘ಅಶನಿ’ಯಂಥ .32 ಪಿಸ್ತೂಲುಗಳಲ್ಲಿ ಮೇಲಿನ ಸ್ಲೈಡನ್ನು (ಹಿಂದಕ್ಕೂ ಮುಂದಕ್ಕೂ ಜಾರುವ ಭಾಗ) ಹಿಡಿದಿಡುವುದು ಅದರ ತೂಕ ಮತ್ತು ಸ್ಪ್ರಿಂಗ್ ಮಾತ್ರ. ಬೇರೆ ಬೀಗದ ವ್ಯವಸ್ಥೆ ಇರುವುದಿಲ್ಲ. ಆದ್ದರಿಂದ ಸ್ಪ್ರಿಂಗ್ ಗಟ್ಟಿಯಾಗಿರಲೇಬೇಕು. ಇಂಥ ಹಲವು ಚಿಕ್ಕ ಪಿಸ್ತೂಲುಗಳ ಸ್ಲೈಡನ್ನು ಎಳೆಯಲು ಎಂಟು ಹತ್ತು ಕಿಲೋ ಬಲ ಬೇಕಾಗುತ್ತದೆ. ತೋಟಾಗಳ ಪೆಟ್ಟಿಗೆಯಾದ ಮ್ಯಾಗಝೀನಿಗೆ ತೋಟಾ ತುಂಬುವಾಗ ಹೆಬ್ಬೆರಳಿನಿಂದ ಒಂದೊಂದನ್ನೂ ಅದುಮಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತೋಟಾ ಒಂದು ಸಿಡಿಯದೆ ಹೋದರೆ ಪಿಸ್ತೂಲಿನಲ್ಲಿ ಮತ್ತೆ ಸ್ಲೈಡ್ ಎಳೆಯಬೇಕಾಗುತ್ತದೆ, ರಿವಾಲ್ವರಿನಲ್ಲಿ ಮತ್ತೊಮ್ಮೆ ಟ್ರಿಗರ್ ಒತ್ತಿದರೆ ಸಾಕು. ಅಮೆರಿಕದಲ್ಲಿ 2018ರಲ್ಲಿ ಬಂದ ಸ್ಮಿತ್ ಅಂಡ್ ವೆಸನ್ ಕಂಪನಿಯ ‘ಶೀಲ್ಡ್ ಇಝಡ್’, ನಳಿಗೆಯೇ ಮೇಲಕ್ಕೆ ತೆರೆದುಕೊಳ್ಳುವ ಬೆರೆಟ್ಟಾದ ‘ಟಾಮ್‌ಕ್ಯಾಟ್’ ಇವುಗಳನ್ನು ಕೈಬಲ ಕಡಿಮೆ ಇರುವವರು ಮೆಚ್ಚುವುದು ಸ್ಲೈಡಿನ ಈ ತೊಂದರೆಯಿಂದ ಪಾರಾಗಲಿಕ್ಕೇ. ಆದರೆ ಸಾಮಾನ್ಯ ನಾಗರಿಕರಿಗೆ ವಿದೇಶಿ ಕೋವಿಗಳ ಆಮದು 1980ರ ದಶಕದಿಂದಲೇ ನಿಂತಿರುವುದರಿಂದ ಆ ಹೆಸರುಗಳನ್ನು ಓದಿ ಆಸೆಪಡುವುದು ವ್ಯರ್ಥ.

ರಿವಾಲ್ವರಿಗೂ ಅದರದೇ ತಕರಾರುಗಳಿವೆ. ನಮ್ಮ ಯಜಮಾನರದು ನಡುವೆ ಮುರಿದಂತೆ ಬಾಗಿ ತೆರೆದುಕೊಳ್ಳುವ ಹಳೆಯ ಮಾದರಿ. ಹಿಂಭಾಗದ ಚಿಲಕವನ್ನು ಹೆಬ್ಬೆರಳಿನಿಂದ ಒತ್ತಿ ನಳಿಗೆಯನ್ನು ಕೆಳಕ್ಕೆ ಬಾಗಿಸಿದರೆ ಗುಂಡು ಹಾರಿದ ತೋಟಾಗಳ ಖಾಲಿ ಕೊಳವೆಗಳೆಲ್ಲ ತಾವಾಗಿ ಎದ್ದು ಹೊರಗೆ ಬೀಳುತ್ತವೆ. ಚಿಲಕ ಗಡುಸು, ಆದರೆ ಆಮೇಲಿನ ಕೆಲಸವೆಲ್ಲ ಸುಲಭ. ನಾನು ಹೆಬ್ಬೆರಳನ್ನು ಬಿಟ್ಟು ಅಂಗೈಯ ಬುಡದಿಂದ ಚಿಲಕ ಒತ್ತುವುದನ್ನು ಕಲಿತೆ. 2023ರಲ್ಲಿ ಬಂದ ‘ಪ್ರಬಲ್’ ರಿವಾಲ್ವರಿನಲ್ಲಿ ತೋಟಾ ತುಂಬುವ ಸಿಲಿಂಡರ್ ಪಕ್ಕಕ್ಕೆ ಹೊರಳಿ ತೆರೆಯುತ್ತದೆ, ಅದರಲ್ಲಿ ಖಾಲಿ ಕೊಳವೆಗಳನ್ನು ಕಡ್ಡಿಯೊಂದನ್ನು ಅಂಗೈಯಿಂದ ತಟ್ಟಿ ಹೊರಹಾಕಬೇಕು. ನಿಮಗೆ ಹೆಬ್ಬೆರಳು ಹೆಚ್ಚು ನೋಯುತ್ತದೆಯೋ ಮಣಿಕಟ್ಟು ಹೆಚ್ಚು ನೋಯುತ್ತದೆಯೋ ಎಂಬುದರ ಮೇಲೆ ಇವೆರಡರಲ್ಲಿ ಯಾವುದು ಒಗ್ಗುತ್ತದೆಂಬುದು ನಿಂತಿದೆ. ವ್ಯಾಪಾರಿಯ ಅಂಗಡಿಯಲ್ಲಿ ಖಾಲಿ ಕೋವಿಯನ್ನು ಹತ್ತು ಸಲ ತೆರೆದು ಮುಚ್ಚಿ ನೋಡಲು ನಾಚಿಕೊಳ್ಳಬೇಡಿ.

ಹಿಡಿಯ ವಿಷಯವನ್ನು ಜನ ಅಲಂಕಾರವೆಂದು ತಿಳಿಯುತ್ತಾರೆ, ಅದು ತಪ್ಪು. ಕಾರ್ಖಾನೆಯಿಂದ ಬರುವ ತೆಳು ಹಿಡಿಯನ್ನು ತೆಗೆಸಿ, ಅಂಗೈ ತುಂಬುವಂತೆ ದಪ್ಪನೆಯ ರಬ್ಬರಿನ ಹಿಡಿಯನ್ನು ಹಾಕಿಸಿದ ದಿನ ನನಗಾದ ವ್ಯತ್ಯಾಸ ಬೇರೆ ಯಾವುದರಿಂದಲೂ ಆಗಲಿಲ್ಲ. ಸಂಧಿವಾತದ ಬೆರಳುಗಳಿಗೆ ತೆಳ್ಳಗಿನದನ್ನು ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿಯುವುದೇ ಕಷ್ಟ. ದಪ್ಪನೆಯ ಹಿಡಿಯ ಸೌಟು ನಮಗೆ ಹಿತವಾಗುವ ಕಾರಣವೇ ಇಲ್ಲಿಯೂ ಇದೆ. ಒದೆತವೂ ಅಂಗೈಯ ತುಂಬ ಹರಡುತ್ತದೆ. ಹಿಡಿಯನ್ನು ಆದಷ್ಟು ಮೇಲಕ್ಕೆ, ನಳಿಗೆಗೆ ಹತ್ತಿರವಾಗಿ ಹಿಡಿದರೆ ಮಣಿಕಟ್ಟು ಮೇಲಕ್ಕೆ ತಿರುಚುವುದೂ ಕಡಿಮೆಯಾಗುತ್ತದೆ. ಸ್ಪ್ರಿಂಗ್ ಬದಲಿಸಿ ಟ್ರಿಗರ್ ಹಗುರ ಮಾಡಿಸುವ ಆಸೆಗೆ ಮಾತ್ರ ಬೀಳಬೇಡಿ. ಸ್ಪ್ರಿಂಗ್ ಮೆತ್ತಗಾದರೆ ತೋಟಾ ಸಿಡಿಯದೆ ಉಳಿಯುವ ಸಂಭವ ಹೆಚ್ಚುತ್ತದೆ. ಲೈಸೆನ್ಸ್ ಪಡೆದ ರಿಪೇರಿಯವರಿಂದ ಒಳಭಾಗ ಶುಚಿ ಮಾಡಿಸಿ ಎಣ್ಣೆ ಹಾಕಿಸಿದರೂ ಎಷ್ಟೋ ಹಳೆಯ ರಿವಾಲ್ವರುಗಳ ಟ್ರಿಗರ್ ಹದಕ್ಕೆ ಬರುತ್ತದೆ.

ಅಭ್ಯಾಸಕ್ಕೆ ಒದೆತವಿಲ್ಲದ ದಾರಿಯೂ ಉಂಟು. ಹತ್ತು ಮೀಟರಿನ ಏರ್ ಪಿಸ್ತೂಲು ಸುಮಾರು ಒಂದು ಕಿಲೋ ತೂಗುತ್ತದೆ, ಅದರ ಟ್ರಿಗರಿಗೆ ಸ್ಪರ್ಧೆಯ ನಿಯಮದ ಪ್ರಕಾರ 500 ಗ್ರಾಂ ಬಲವಿದ್ದರೆ ಸಾಕು. ನಾನು ಒಂದು ಚಳಿಗಾಲವಿಡೀ ಬಾಲೇವಾಡಿಯ ಕ್ರೀಡಾ ಸಂಕೀರ್ಣದ ರೇಂಜಿನಲ್ಲಿ ಅದರಿಂದಲೇ ಗುರಿ ಮತ್ತು ಉಸಿರಿನ ಹದ ಕಲಿತೆ. ರಿವಾಲ್ವರನ್ನು ಆಮೇಲೆ ತಿಂಗಳಿಗೊಮ್ಮೆ, ಐದಾರು ತೋಟಾಗಳಿಗೆ ಮೀರದಂತೆ ಹಾರಿಸಿದೆ. ನೋವು ಆ ಗಳಿಗೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ, ಮರುದಿನ ಬರುತ್ತದೆ; ಆದ್ದರಿಂದ ಕೈ ‘ಇನ್ನೂ ಆಗುತ್ತದೆ’ ಎನ್ನುವಾಗಲೇ ನಿಲ್ಲಿಸಬೇಕು. ಕಿವಿಗೆ ಒಳ್ಳೆಯ ಮುಚ್ಚಳ ಹಾಕಿಕೊಳ್ಳಿ. ಮೋಟು ನಳಿಗೆಯ ಸದ್ದಿಗೆ ಬೆಚ್ಚಿ ಮೈ ಬಿಗಿ ಹಿಡಿಯುವುದರಿಂದಲೂ ಭುಜ ಮತ್ತು ಕುತ್ತಿಗೆ ನೋಯುತ್ತವೆ. ಮನೆಯಲ್ಲಿ ಟ್ರಿಗರ್ ಅಭ್ಯಾಸ ಮಾಡುವುದಾದರೆ ನಕಲಿ ತೋಟಾ ಬಳಸಿ. .22 ಕೋವಿಯನ್ನು ಖಾಲಿಯಾಗಿ ಹೊಡೆದರೆ ತೋಟಾಕ್ಕೆ ಬಡಿಯುವ ಸೂಜಿ ಮತ್ತು ತೋಟಾ ಕೂರುವ ಕೋಣೆಯ ಅಂಚು ಹಾಳಾಗಬಹುದು.

ಇನ್ನು ಬರೆಯಲು ಕಷ್ಟವೆನಿಸಿದರೂ ಬಿಡಲಾಗದ ಮಾತು. ನಾವು ನುಂಗುವ ಪ್ರೀಗ್ಯಾಬಲಿನ್, ಟ್ರಮಡಾಲ್, ಅಮಿಟ್ರಿಪ್ಟಿಲಿನ್ ಮುಂತಾದ ಮಾತ್ರೆಗಳು ಮಂಪರು ತರಿಸುತ್ತವೆ. ಆ ಹೊತ್ತಿನಲ್ಲಿ ಕೋವಿ ಮುಟ್ಟಬಾರದು. ಲೈಸೆನ್ಸ್ ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ ಪಡೆಯುವಾಗ ಮಾತ್ರೆಗಳ ಹೆಸರನ್ನು ಮುಚ್ಚಿಡಬೇಡಿ. ವರ್ಷಗಟ್ಟಲೆ ಬಿಡದ ನೋವು ಮನಸ್ಸನ್ನೂ ಕುಗ್ಗಿಸುತ್ತದೆ, ನೋವಿನ ರೋಗಿಗಳಲ್ಲಿ ಬದುಕು ಸಾಕೆನ್ನುವ ಯೋಚನೆ ಇತರರಿಗಿಂತ ಹೆಚ್ಚು. 2021ರ ಮಳೆಗಾಲದಲ್ಲಿ ನನಗೆ ಮಾತ್ರೆ ಬದಲಾಗಿ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕೂರುವಂತಾದಾಗ, ರಿವಾಲ್ವರನ್ನು ಲೈಸೆನ್ಸ್ ಇರುವ ವ್ಯಾಪಾರಿಯ ಬಳಿ ನಾಲ್ಕು ತಿಂಗಳು ಠೇವಣಿ ಇಟ್ಟು ರಸೀದಿ ಪಡೆದೆ. ಚುನಾವಣೆ ಬಂದಾಗ ಹೇಗೂ ಠಾಣೆಯಲ್ಲಿ ಇಡುತ್ತೇವಲ್ಲ, ಇದೂ ಹಾಗೆಯೇ ಎಂದುಕೊಂಡೆ. ನಿಮಗೂ ಅಂಥ ರಾತ್ರಿಗಳು ಬರುತ್ತಿದ್ದರೆ ಹೊಸ ಕೋವಿ ಕೊಳ್ಳುವ ಕೆಲಸವನ್ನು ಮುಂದೂಡಿ, ಇರುವುದನ್ನೂ ಮನೆಯಿಂದ ಆಚೆ ಇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ.

ಜೇಬಿನ ವಿಷಯಕ್ಕೆ ಬಂದರೆ, 700 ಗ್ರಾಂನ ರಿವಾಲ್ವರ್ ಪ್ಯಾಂಟಿನ ಜೇಬಿಗೆ ಹೊಂದುವುದಿಲ್ಲ, ನಿಜ. ಆದರೆ ಮರಗಟ್ಟಿದ ಬೆರಳುಗಳನ್ನು ಇಕ್ಕಟ್ಟಾದ ಜೇಬಿಗೆ ತೂರಿಸಿ ಹೊರತೆಗೆಯುವುದು ಎಷ್ಟು ಕಷ್ಟವೆಂದು ಮನೆಯ ಬೀಗದ ಕೈ ತೆಗೆಯುವಾಗಲೇ ಗೊತ್ತಾಗುತ್ತದೆ. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಚೀಲದಲ್ಲಿ, ಸೊಂಟದ ಬಳಿ, ಬಟ್ಟೆಯ ಒಳಗೆ ಇಡುವುದೇ ಮೇಲು. ಹಣವನ್ನು ರಾತ್ರಿ ವಾಲ್ಪೊಯಿಯಿಂದ ತರುತ್ತೀರೆಂದು ಬರೆದಿದ್ದೀರಿ. ಸಾಧ್ಯವಾದಷ್ಟನ್ನು ಬ್ಯಾಂಕಿನ ಮೂಲಕ ತರಿಸಿಕೊಂಡು, ಉಳಿದದ್ದಕ್ಕೆ ಜೊತೆಗೊಬ್ಬರನ್ನು ಕರೆದುಕೊಂಡು ಹಗಲಲ್ಲೇ ಹೊರಡುವುದು ನಿಮ್ಮ ಕೈಗೆ ಯಾವ ಕೋವಿಗಿಂತಲೂ ಹೆಚ್ಚು ಉಪಕಾರ ಮಾಡುತ್ತದೆ ಎಂದು ನನಗೆ ಮನಃಪೂರ್ವಕವಾಗಿ ಅನಿಸುತ್ತದೆ.

ಒಂದನ್ನೇ ಹೆಸರಿಸಿ ಎಂದರೆ, ಸುಮಾರು 700 ಗ್ರಾಂ ತೂಕದ, ದಪ್ಪ ಹಿಡಿಯ .32 ರಿವಾಲ್ವರ್ ಎನ್ನುತ್ತೇನೆ. ಅಂದರೆ ಬಹುಶಃ ಈಗ ನಿಮ್ಮಲ್ಲಿರುವುದೇ. ಮಾರಲು ಹೊರಟರೆ ಗೋವಾದಲ್ಲಿ ಜಿಲ್ಲಾಧಿಕಾರಿ ಕಚೇರಿಯ ಅನುಮತಿ, ಲೈಸೆನ್ಸಿನಲ್ಲಿ ಹೊಸ ನಮೂದು, ಇವುಗಳಿಗೆಲ್ಲ ತಿಂಗಳುಗಳು ಹಿಡಿಯಬಹುದು, ಆಮೇಲೆ ಹೊಸದು ಕೈಗೆ ಒಗ್ಗದಿದ್ದರೆ ಹಿಂದಿರುಗುವ ದಾರಿಯಿಲ್ಲ. ಆದ್ದರಿಂದ ಮೊದಲು ತಂದೆಯವರ ರಿವಾಲ್ವರನ್ನು ತೂಗಿ ನೋಡಿ, ಒಳಗೆ ಶುಚಿ ಮಾಡಿಸಿ, ರಬ್ಬರ್ ಹಿಡಿ ಹಾಕಿಸಿ, ಅನುಮತಿಯಿರುವ ರೇಂಜಿನಲ್ಲಿ ಸಂಜೆಯ ಹೊತ್ತು ಮೂರೇ ತೋಟಾ ಹಾರಿಸಿ. ಮರುದಿನ ಬೆಳಿಗ್ಗೆ ಮಣಿಕಟ್ಟು ಏನು ಹೇಳಿತೆಂದು ಇಲ್ಲಿ ಬರೆಯಿರಿ. ಮುಂದಿನದನ್ನು ಆಮೇಲೆ ಯೋಚಿಸೋಣ.